ದತ್ತಸಂಚಯದಲ್ಲಿ ಪಾತ್ರ ಮತ್ತು ಪ್ರವೇಶಾಧಿಕಾರ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಬಹುತೇಕ ದಾಖಲೆಗಳು ಇಂದು ಗಣಕಯಂತ್ರದೊಳಗಿವೆ. ಮನೆ, ನಿವೇಶನಗಳ ಖಾತೆ ಇ-ಸ್ವತ್ತು ತಂತ್ರಾಂಶದಲ್ಲಿ, ತೆರಿಗೆಯ ಬೇಡಿಕೆ ಮತ್ತು ವಸೂಲಿ ಪಂಚತಂತ್ರದಲ್ಲಿ, ಕೇಂದ್ರ ಹಣಕಾಸು ಆಯೋಗದ ಅನುದಾನದ ಲೆಕ್ಕ ಇ-ಗ್ರಾಮಸ್ವರಾಜ್‌ನಲ್ಲಿ, ಉದ್ಯೋಗ ಖಾತರಿಯ ಹಾಜರಿ ಮತ್ತು ಕೂಲಿ ಅದರದೇ ತಂತ್ರಾಂಶದಲ್ಲಿ ದಾಖಲಾಗುತ್ತವೆ. ವಹಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದ ಕಾಲದಲ್ಲಿ ಬೀಗದ ಕೈ ಯಾರ ಬಳಿ ಇದೆ ಎಂಬುದು ಕಚೇರಿಗೆ ಬಂದವರೆಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗಿನ ಬೀಗದ ಕೈ ಕಣ್ಣಿಗೆ ಕಾಣುವುದಿಲ್ಲ. ಅದು ಬಳಕೆದಾರರ ಹೆಸರು, ಪಾಸ್‌ವರ್ಡ್, ಒಟಿಪಿ ಮತ್ತು ಡಿಜಿಟಲ್ ಸಹಿಯ ರೂಪದಲ್ಲಿದೆ.

ಆ ಬೀಗದ ಕೈಯನ್ನು ಯಾರಿಗೆ, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ನೀಡಲಾಗಿದೆ ಎಂಬುದನ್ನು ಅರಿಯುವುದು ಚುನಾಯಿತ ಸದಸ್ಯರ ಮೇಲ್ವಿಚಾರಣೆಯ ಒಂದು ಭಾಗ. ಇದಕ್ಕೆ ಗಣಕ ವಿಜ್ಞಾನದ ಪದವಿ ಬೇಕಿಲ್ಲ. ಈ ಪಾಠವನ್ನು ಓದಿದ ಬಳಿಕ ಸದಸ್ಯರು ಮೂರು ವಿಷಯಗಳನ್ನು ಅರಿತಿರಬೇಕು: ದತ್ತಸಂಚಯದಲ್ಲಿ ‘ಪಾತ್ರ’ ಎಂದರೇನು, ಅದನ್ನು ನೀಡುವ ಮತ್ತು ಹಿಂಪಡೆಯುವ ಕ್ರಮ ಯಾವುದು, ಆ ಕ್ರಮ ತಪ್ಪಿದರೆ ಗ್ರಾಮದ ಕುಟುಂಬವೊಂದಕ್ಕೆ ಆಗಬಹುದಾದ ಹಾನಿ ಎಂಥದು.

1. ದತ್ತಸಂಚಯ ಮತ್ತು ನಾಲ್ಕು ಕ್ರಿಯೆಗಳು

ಪರಸ್ಪರ ಸಂಬಂಧವುಳ್ಳ ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಜೋಡಿಸಿಟ್ಟ ಭಂಡಾರವೇ ದತ್ತಸಂಚಯ. ತೆರಿಗೆಯ ಬೇಡಿಕೆ, ವಸೂಲಿ ಮತ್ತು ಬಾಕಿ ವಹಿಯನ್ನು ನೆನೆದರೆ ಇದರ ಸ್ವರೂಪ ತಿಳಿಯುತ್ತದೆ. ವಹಿಯ ಒಂದೊಂದು ಸಾಲು ಒಂದೊಂದು ಆಸ್ತಿಗೆ ಮೀಸಲು. ಒಂದೊಂದು ಅಂಕಣ ಮಾಲೀಕರ ಹೆಸರು, ಅಳತೆ, ಬೇಡಿಕೆ, ಬಾಕಿ ಮುಂತಾದ ಒಂದೊಂದು ವಿವರಕ್ಕೆ ಮೀಸಲು. ದತ್ತಸಂಚಯದ ಕೋಷ್ಟಕವೂ ಹೀಗೆಯೇ ಇರುತ್ತದೆ.

ಕೋಷ್ಟಕದ ಮೇಲೆ ನಡೆಯುವ ಕ್ರಿಯೆಗಳು ಮೂಲತಃ ನಾಲ್ಕು: ನೋಡುವುದು, ಹೊಸ ಸಾಲು ಸೇರಿಸುವುದು, ಇರುವ ಸಾಲನ್ನು ತಿದ್ದುವುದು, ಸಾಲನ್ನು ಅಳಿಸುವುದು. ದತ್ತಸಂಚಯದೊಡನೆ ವ್ಯವಹರಿಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಇವಕ್ಕೆ ಕ್ರಮವಾಗಿ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಮತ್ತು ಡಿಲೀಟ್ ಎಂದು ಹೆಸರು.

ಈ ನಾಲ್ಕೂ ಸಮಾನ ತೂಕದವಲ್ಲ. ನೋಡುವ ಅಧಿಕಾರ ದುರುಪಯೋಗವಾದರೆ ಒಬ್ಬರ ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆ, ಬಾಕಿಯ ವಿವರ ಅನ್ಯರ ಪಾಲಾಗುತ್ತದೆ. ಸೇರಿಸುವ ಅಧಿಕಾರ ದುರುಪಯೋಗವಾದರೆ ಇಲ್ಲದ ಕೂಲಿಕಾರರ ಹೆಸರು ಹಾಜರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ತಿದ್ದುವ ಮತ್ತು ಅಳಿಸುವ ಅಧಿಕಾರಗಳ ವಿಷಯದಲ್ಲಿ. ಕಾಗದದ ವಹಿಯಲ್ಲಿ ಒಂದು ಹೆಸರನ್ನು ಹೊಡೆದು ಹಾಕಿದರೆ ಆ ಗೆರೆ ಉಳಿಯುತ್ತದೆ. ಕೆರೆದು ಅಳಿಸಿದರೆ ಕಾಗದ ಸವೆದಿರುವುದು ಬೆಳಕಿಗೆ ಹಿಡಿದಾಗ ಕಾಣುತ್ತದೆ. ದತ್ತಸಂಚಯದ ಕೋಷ್ಟಕದಲ್ಲಾದರೋ ಹಳೆಯ ಹೆಸರಿನ ಜಾಗದಲ್ಲಿ ಹೊಸ ಹೆಸರು ಅಚ್ಚುಕಟ್ಟಾಗಿ ಕುಳಿತುಬಿಡುತ್ತದೆ. ತಿದ್ದುಪಡಿಯ ಇತಿಹಾಸವನ್ನು ಪ್ರತ್ಯೇಕವಾಗಿ ಕಾಪಾಡುವ ವ್ಯವಸ್ಥೆ ಇಲ್ಲದಿದ್ದರೆ, ಮೊದಲು ಅಲ್ಲಿ ಯಾರ ಹೆಸರಿತ್ತು ಎಂಬುದಕ್ಕೆ ಕೋಷ್ಟಕದಲ್ಲಿ ಯಾವ ಗುರುತೂ ಉಳಿಯುವುದಿಲ್ಲ.

2. ಬಳಕೆದಾರರು ಬೇರೆ, ಪಾತ್ರ ಬೇರೆ

‘ಬಳಕೆದಾರರು’ ಎಂದರೆ ವ್ಯಕ್ತಿ. ‘ಪಾತ್ರ’ ಎಂದರೆ ಒಂದು ಕೆಲಸಕ್ಕೆ ಬೇಕಾದ ಅನುಮತಿಗಳ ಕಟ್ಟು. ಕರವಸೂಲಿಗಾರ, ಲೆಕ್ಕ ಸಹಾಯಕ, ಕಾರ್ಯದರ್ಶಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಧ್ಯಕ್ಷರು ಇವು ಪಾತ್ರಗಳು. ಆ ಸ್ಥಾನದಲ್ಲಿ ಇಂದು ಕುಳಿತಿರುವವರು ಬಳಕೆದಾರರು. ಅನುಮತಿಯನ್ನು ಪಾತ್ರಕ್ಕೆ ನೀಡಬೇಕು. ಪಾತ್ರವನ್ನು ವ್ಯಕ್ತಿಗೆ ವಹಿಸಬೇಕು. ವ್ಯಕ್ತಿ ಬದಲಾದರೆ ಪಾತ್ರ ಅವರಿಂದ ಕಳಚಿ ಮುಂದಿನವರಿಗೆ ಹೋಗಬೇಕು. ಈ ಪಾಠದ ತಿರುಳು ಇಷ್ಟೇ.

ಈ ವಿಚಾರ ಗ್ರಾಮಾಡಳಿತಕ್ಕೆ ಹೊಸದಲ್ಲ. ಹಿಂದಿನ ಗ್ರಾಮ ವ್ಯವಸ್ಥೆಯಲ್ಲಿ ಶಾನುಭೋಗರು ಲೆಕ್ಕ ಬರೆಯುತ್ತಿದ್ದರು, ಪಟೇಲರು ಕಂದಾಯ ವಸೂಲು ಮಾಡುತ್ತಿದ್ದರು. ಲೆಕ್ಕ ಬರೆಯುವ ಕೈ ಮತ್ತು ಹಣ ಮುಟ್ಟುವ ಕೈ ಬೇರೆಬೇರೆಯಾಗಿದ್ದುದು ಆ ವ್ಯವಸ್ಥೆಯ ಗುಣ. ಆದರೆ ಆ ಸ್ಥಾನಗಳು ವಂಶಪಾರಂಪರ್ಯವಾಗಿ ಮನೆತನಕ್ಕೆ ಅಂಟಿಕೊಂಡಿದ್ದುದು ಅದರ ದೋಷ. ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಅಧಿನಿಯಮ, 1961 ಜಾರಿಗೆ ಬಂದಾಗ ವಂಶಪಾರಂಪರ್ಯದ ಆ ಹಕ್ಕು ಕೊನೆಗೊಂಡಿತು; ಅಧಿಕಾರ ಮನೆತನವನ್ನು ಬಿಟ್ಟು ಹುದ್ದೆಗೆ ಸೇರಿತು. ದತ್ತಸಂಚಯದ ಪಾತ್ರ ವ್ಯವಸ್ಥೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ಗಣಕ ಕ್ಷೇತ್ರದಲ್ಲಿ ಈ ಕ್ರಮ ಹಂತಹಂತವಾಗಿ ರೂಪುಗೊಂಡಿತು. 1970ರ ದಶಕದಲ್ಲಿ ಐಬಿಎಂ ಸಂಸ್ಥೆಯ ‘ಸಿಸ್ಟಂ ಆರ್’ ಎಂಬ ದತ್ತಸಂಚಯ ಯೋಜನೆಯಲ್ಲಿ ಅನುಮತಿ ನೀಡುವ ಮತ್ತು ಹಿಂಪಡೆಯುವ ಆದೇಶಗಳು ಬಳಕೆಗೆ ಬಂದವು. ಪಾತ್ರಾಧಾರಿತ ಪ್ರವೇಶ ನಿಯಂತ್ರಣದ ಸ್ಪಷ್ಟ ಮಾದರಿಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಡೇವಿಡ್ ಫೆರಯೋಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಮಂಡಿಸಿದರು. 1999ರ ಎಸ್‌ಕ್ಯೂಎಲ್ ಮಾನಕದಲ್ಲಿ ಪಾತ್ರಗಳಿಗೆ ಅಧಿಕೃತ ಸ್ಥಾನ ದೊರೆಯಿತು.

ಪಾತ್ರಗಳಿಂದ ಆಗುವ ಅನುಕೂಲವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ತಾಲ್ಲೂಕಿನಲ್ಲಿ 30 ಗ್ರಾಮ ಪಂಚಾಯತಿಗಳಿವೆ, ಪ್ರತಿಯೊಂದರಲ್ಲೂ 5 ಬಳಕೆದಾರರಿದ್ದಾರೆ ಎಂದು ಭಾವಿಸಿದರೆ ಒಟ್ಟು ಬಳಕೆದಾರರು 150. ಒಬ್ಬೊಬ್ಬರಿಗೂ 10 ಅನುಮತಿಗಳನ್ನು ಬಿಡಿಬಿಡಿಯಾಗಿ ನೀಡಿದರೆ 1,500 ಆದೇಶಗಳು ಬೇಕು. ಅದೇ 5 ಪಾತ್ರಗಳನ್ನು ರಚಿಸಿ ಪ್ರತಿ ಪಾತ್ರಕ್ಕೆ 10 ಅನುಮತಿ ನೀಡಿದರೆ 50 ಆದೇಶ, 150 ಜನರಿಗೆ ಪಾತ್ರ ವಹಿಸಲು 150 ಆದೇಶ, ಒಟ್ಟು 200. ನಿಯಮ ಬದಲಾದಾಗ ಪಾತ್ರವೊಂದನ್ನು ತಿದ್ದಿದರೆ ಸಾಕು, 30 ಪಂಚಾಯತಿಗಳಲ್ಲೂ ಬದಲಾವಣೆ ಒಂದೇ ಸಲಕ್ಕೆ ಜಾರಿಯಾಗುತ್ತದೆ. ಮುಖ್ಯವಾಗಿ, 1,500 ಆದೇಶಗಳನ್ನು ಯಾರೂ ಪರಿಶೀಲಿಸಲಾರರು. 5 ಪಾತ್ರಗಳ ಪಟ್ಟಿಯನ್ನು ಯಾವ ಸದಸ್ಯರಾದರೂ ಓದಬಲ್ಲರು.

3. ನೀಡುವ ಆದೇಶ, ಹಿಂಪಡೆಯುವ ಆದೇಶ

ಅನುಮತಿ ನೀಡುವ ಆದೇಶಕ್ಕೆ ‘ಗ್ರ್ಯಾಂಟ್’ ಎಂದೂ ಹಿಂಪಡೆಯುವ ಆದೇಶಕ್ಕೆ ‘ರಿವೋಕ್’ ಎಂದೂ ಹೆಸರು. ಕನ್ನಡ ಲಿಪಿಯಲ್ಲಿ ಬರೆದರೆ ಆದೇಶದ ರೂಪ ಹೀಗಿರುತ್ತದೆ:

ಗ್ರ್ಯಾಂಟ್ ಸೆಲೆಕ್ಟ್, ಇನ್ಸರ್ಟ್ ಆನ್ ತೆರಿಗೆ_ರಸೀದಿ ಟು ಕರವಸೂಲಿಗಾರ;

ಇದರ ಅರ್ಥ: ತೆರಿಗೆ ರಸೀದಿಯ ಕೋಷ್ಟಕವನ್ನು ನೋಡಲು ಮತ್ತು ಅದಕ್ಕೆ ಹೊಸ ರಸೀದಿ ಸೇರಿಸಲು ಕರವಸೂಲಿಗಾರ ಪಾತ್ರಕ್ಕೆ ಅನುಮತಿ ಇದೆ. ತಿದ್ದಲು, ಅಳಿಸಲು ಅನುಮತಿ ಇದೆಯೆಂದು ಆದೇಶ ಹೇಳಿಲ್ಲ, ಆದ್ದರಿಂದ ಇಲ್ಲ. ಕೋಷ್ಟಕದ ಒಡೆತನ ಉಳ್ಳವರನ್ನು ಬಿಟ್ಟು ಉಳಿದವರ ವಿಷಯದಲ್ಲಿ, ನೀಡಿದೆ ಎಂದು ಹೇಳದಿದ್ದುದೆಲ್ಲ ನಿಷಿದ್ಧ ಎಂಬುದು ದತ್ತಸಂಚಯದ ಮೂಲ ನಿಯಮ. ರಸೀದಿ ತಪ್ಪಾದರೆ ಕರವಸೂಲಿಗಾರರು ಅದನ್ನು ಅಳಿಸುವುದಲ್ಲ, ರದ್ದತಿಗೆ ಮೇಲಿನವರನ್ನು ಕೋರುವುದು ಎಂಬ ಕಚೇರಿಯ ಶಿಸ್ತು ಈ ಒಂದು ಸಾಲಿನಲ್ಲಿ ಅಡಗಿದೆ.

ಅನುಮತಿ ನೀಡುವಾಗ ಮೂರು ಅಪಾಯಗಳನ್ನು ಗಮನಿಸಬೇಕು.

ಮೊದಲನೆಯದು, ‘ಪಬ್ಲಿಕ್’ ಎಂಬ ಹೆಸರಿಗೆ ಅನುಮತಿ ನೀಡುವುದು. ಹಾಗೆ ನೀಡಿದ ಅನುಮತಿ ಇಂದಿನ ಎಲ್ಲ ಬಳಕೆದಾರರಿಗೂ ನಾಳೆ ಸೇರಲಿರುವವರಿಗೂ ತಾನಾಗಿಯೇ ದೊರೆಯುತ್ತದೆ. ಊರಬಾಗಿಲನ್ನು ತೆರೆದಿಟ್ಟು ಬಂದವರ ಹೆಸರು ಬರೆದುಕೊಳ್ಳದೆ ಇದ್ದಂತೆ ಇದು.

ಎರಡನೆಯದು, ಅನುಮತಿ ಪಡೆದವರು ಅದನ್ನು ಇತರರಿಗೂ ಹಂಚಬಹುದು ಎಂಬ ಷರತ್ತನ್ನು ಸೇರಿಸುವುದು. ಇದನ್ನು ‘ವಿತ್ ಗ್ರ್ಯಾಂಟ್ ಆಪ್ಷನ್’ ಎನ್ನುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಅನುಮತಿ ಸರಪಳಿಯಾಗಿ ಬೆಳೆಯುತ್ತದೆ. ಮೊದಲ ಕೊಂಡಿಯನ್ನು ಹಿಂಪಡೆಯುವಾಗ ಕೆಳಗಿನ ಕೊಂಡಿಗಳನ್ನೂ ಕೂಡಿಯೇ ಹಿಂಪಡೆಯಬೇಕೆಂದು ಆದೇಶದಲ್ಲಿ ಸ್ಪಷ್ಟಪಡಿಸಬೇಕಾಗುತ್ತದೆ.

ಮೂರನೆಯದು, ಒಂದೇ ಅನುಮತಿ ಎರಡು ದಾರಿಗಳಿಂದ ಬಂದಿರುವುದು. ಒಬ್ಬ ನೌಕರರಿಗೆ ಲೆಕ್ಕ ಸಹಾಯಕ ಪಾತ್ರದ ಮೂಲಕ ಪಾವತಿ ಕೋಷ್ಟಕ ತಿದ್ದುವ ಅನುಮತಿ ಇದೆ. ಎಂದೋ ತುರ್ತು ಕಾಲದಲ್ಲಿ ಅವರ ಹೆಸರಿಗೇ ನೇರವಾಗಿ ಅದೇ ಅನುಮತಿಯನ್ನು ನೀಡಲಾಗಿದೆ. ಈಗ ಪಾತ್ರವನ್ನು ಹಿಂಪಡೆದರೂ ನೇರ ಅನುಮತಿ ಉಳಿದೇ ಇರುತ್ತದೆ. ಕಚೇರಿಯವರು ಅಧಿಕಾರ ತೆಗೆದಿದ್ದೇವೆ ಎಂದು ನಂಬಿರುತ್ತಾರೆ. ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ಅನುಮತಿಯನ್ನು ಎಂದೂ ವ್ಯಕ್ತಿಗೆ ನೇರವಾಗಿ ನೀಡದೆ ಪಾತ್ರಕ್ಕೆ ಮಾತ್ರ ನೀಡಬೇಕು ಎನ್ನುವುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಪಂಚಾಯತಿ ಕಚೇರಿಯಲ್ಲಿ ಯಾರೂ ಈ ಆದೇಶಗಳನ್ನು ಸ್ವತಃ ಟೈಪು ಮಾಡುವುದಿಲ್ಲ. ತಂತ್ರಾಂಶದ ಆಡಳಿತ ಲಾಗಿನ್ ಇರುವ ಮೇಲಿನ ಹಂತದಲ್ಲಿ ಬಳಕೆದಾರರನ್ನು ಸೃಜಿಸಿ ಪಾತ್ರ ವಹಿಸಲಾಗುತ್ತದೆ. ಆದರೆ ಯಾರಿಗೆ ಯಾವ ಪಾತ್ರ ಬೇಕು, ಯಾರ ಪಾತ್ರ ಮುಗಿಯಿತು ಎಂಬ ನಿಜಸ್ಥಿತಿ ತಿಳಿದಿರುವುದು ಪಂಚಾಯತಿಗೆ. ಕೋರಿಕೆ ಇಲ್ಲಿಂದ ಹೋಗದಿದ್ದರೆ ಅಲ್ಲಿ ಬದಲಾವಣೆ ಆಗುವುದಿಲ್ಲ.

4. ಕನಿಷ್ಠ ಅಧಿಕಾರ ತತ್ತ್ವ

ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಗಣಕ ಸುರಕ್ಷತೆಯ ತತ್ತ್ವಗಳನ್ನು ನಿರೂಪಿಸಿದಾಗ ಇದನ್ನೂ ಅವುಗಳಲ್ಲಿ ಸೇರಿಸಿದರು.

ನೀರುಗಂಟಿಯವರ ಉದಾಹರಣೆ ಇಲ್ಲಿ ಸೂಕ್ತ. ಅವರಿಗೆ ವಾಲ್ವ್ ತಿರುಗಿಸುವ ಕೀಲಿ ಬೇಕು, ಪಂಪ್‌ಹೌಸಿನ ಬೀಗದ ಕೈ ಬೇಕು. ಪಂಚಾಯತಿಯ ಕಪಾಟಿನ ಬೀಗದ ಕೈ ಬೇಡ. ಅದನ್ನು ಕೊಡದಿರುವುದು ಅವರ ಮೇಲಿನ ಅಪನಂಬಿಕೆಯಲ್ಲ. ಕಪಾಟಿನಿಂದ ಏನಾದರೂ ಕಾಣೆಯಾದ ದಿನ ಅವರ ಮೇಲೆ ಸಂಶಯ ಬಾರದಂತೆ ಕಾಪಾಡುವ ಕ್ರಮ ಅದು. ಕನಿಷ್ಠ ಅಧಿಕಾರ ನೌಕರರಿಗೆ ಹಾಕಿದ ಬೇಲಿಯೂ ಹೌದು, ಅವರಿಗೆ ಕೊಟ್ಟ ರಕ್ಷಣೆಯೂ ಹೌದು.

ಕಲಿಕೆಯ ಸಲುವಾಗಿ ಒಂದು ಸರಳ ಮಾದರಿಯನ್ನು ಕೆಳಗೆ ನೀಡಲಾಗಿದೆ. ಇದು ಯಾವುದೇ ಒಂದು ತಂತ್ರಾಂಶದ ಯಥಾವತ್ ವಿನ್ಯಾಸವಲ್ಲ.

ಕರವಸೂಲಿಗಾರ: ತೆರಿಗೆ ಬಾಕಿ ನೋಡಬಹುದು, ರಸೀದಿ ಸೇರಿಸಬಹುದು. ಬೇಡಿಕೆಯ ಮೊತ್ತ ತಿದ್ದುವಂತಿಲ್ಲ, ರಸೀದಿ ಅಳಿಸುವಂತಿಲ್ಲ.

ಡಾಟಾ ಎಂಟ್ರಿ ಆಪರೇಟರ್: ಅರ್ಜಿ ಮತ್ತು ಕರಡು ವಿವರ ಸೇರಿಸಬಹುದು, ಅನುಮೋದನೆಗೆ ಮುನ್ನ ಕರಡನ್ನು ತಿದ್ದಬಹುದು. ಅನುಮೋದನೆ ನೀಡುವಂತಿಲ್ಲ.

ಕಾರ್ಯದರ್ಶಿ ಅಥವಾ ಲೆಕ್ಕ ಸಹಾಯಕ: ಕರಡನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿ ಮುಂದಕ್ಕೆ ಕಳುಹಿಸಬಹುದು ಅಥವಾ ಹಿಂದಿರುಗಿಸಬಹುದು. ಅಂತಿಮ ಸಹಿ ಹಾಕುವಂತಿಲ್ಲ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ: ಪರಿಶೀಲಿಸಿದ ದಾಖಲೆಗೆ ಡಿಜಿಟಲ್ ಸಹಿ ಹಾಕಬಹುದು. ತಾವೇ ಕರಡು ಸೃಜಿಸಿ ತಾವೇ ಅನುಮೋದಿಸುವಂತಿಲ್ಲ.

ಅಧ್ಯಕ್ಷರು: ಪಾವತಿಗೆ ತಮ್ಮ ಸಹಿಯ ಮೂಲಕ ಸಮ್ಮತಿ ನೀಡಬಹುದು ಅಥವಾ ತಡೆಯಬಹುದು. ಲೆಕ್ಕದ ನಮೂದನ್ನು ತಿದ್ದುವಂತಿಲ್ಲ.

ಲೆಕ್ಕ ಪರಿಶೋಧಕರು: ಎಲ್ಲವನ್ನೂ ನೋಡಬಹುದು. ಯಾವುದನ್ನೂ ತಿದ್ದುವಂತಿಲ್ಲ.

ಕೊನೆಯ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಅತಿ ಹೆಚ್ಚು ನೋಡುವವರಿಗೆ ತಿದ್ದುವ ಅಧಿಕಾರ ಒಂದಿಷ್ಟೂ ಇಲ್ಲ. ದತ್ತಸಂಚಯದಲ್ಲಿ ಪಾತ್ರವನ್ನು ಅಳೆಯುವುದು ಹುದ್ದೆಯ ಎತ್ತರದಿಂದಲ್ಲ, ಕೆಲಸದ ಅಗತ್ಯದಿಂದ.

5. ಕರ್ತವ್ಯ ವಿಭಜನೆ

ಹಣ ಅಥವಾ ಹಕ್ಕನ್ನು ಬದಲಾಯಿಸುವ ಯಾವ ಕ್ರಿಯೆಯನ್ನೂ ಒಬ್ಬರೇ ಆದಿಯಿಂದ ಅಂತ್ಯದವರೆಗೆ ಮಾಡಲು ಸಾಧ್ಯವಾಗಬಾರದು. ಇದೇ ಕರ್ತವ್ಯ ವಿಭಜನೆ. ಇ-ಗ್ರಾಮಸ್ವರಾಜ್‌ನಲ್ಲಿ ಪಾವತಿಯನ್ನು ಸಿದ್ಧಪಡಿಸುವವರನ್ನು ‘ಮೇಕರ್’ ಎಂದೂ ಪರಿಶೀಲಿಸಿ ಅನುಮೋದಿಸುವವರನ್ನು ‘ಚೆಕರ್’ ಎಂದೂ ಕರೆಯುತ್ತಾರೆ. ಉದ್ಯೋಗ ಖಾತರಿಯ ನಿಧಿ ವರ್ಗಾವಣೆ ಆದೇಶಕ್ಕೂ ಮೊದಲ ಸಹಿದಾರರು ಮತ್ತು ಎರಡನೆಯ ಸಹಿದಾರರು ಬೇರೆಬೇರೆ. ಚೆಕ್ಕಿನ ಕಾಲದಲ್ಲಿ ಎರಡು ಸಹಿ ಬೇಕಾಗಿದ್ದುದೂ ಇದೇ ಉದ್ದೇಶಕ್ಕೆ.

ತಂತ್ರಾಂಶ ಎರಡು ಪಾತ್ರಗಳನ್ನು ಕೇಳುತ್ತದೆ. ಆದರೆ ಎರಡು ಪಾತ್ರಗಳ ಹಿಂದೆ ಇಬ್ಬರು ಮನುಷ್ಯರಿದ್ದಾರೆಯೇ ಎಂಬುದನ್ನು ಅದು ತಿಳಿಯಲಾರದು. ಎರಡೂ ಪಾಸ್‌ವರ್ಡ್‌ಗಳು ಒಂದೇ ಡೈರಿಯಲ್ಲಿ, ಎರಡೂ ಡಿಜಿಟಲ್ ಕೀಗಳು ಒಂದೇ ಮೇಜಿನ ಡ್ರಾಯರಿನಲ್ಲಿ ಇದ್ದರೆ ತಂತ್ರಾಂಶದ ದೃಷ್ಟಿಯಲ್ಲಿ ಎಲ್ಲವೂ ನಿಯಮಬದ್ಧ; ವಾಸ್ತವದಲ್ಲಿ ಒಬ್ಬರೇ ಎರಡು ಸಹಿ ಹಾಕುತ್ತಿದ್ದಾರೆ. ಈ ಅಂತರವನ್ನು ಗುರುತಿಸಬಲ್ಲವರು ಕಚೇರಿಗೆ ಬಂದುಹೋಗುವ ಸದಸ್ಯರು ಮಾತ್ರ.

6. ಒಂದು ಕಲ್ಪಿತ ಪ್ರಕರಣ

ಅಭ್ಯಾಸಕ್ಕಾಗಿ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. ಗ್ರಾಮವೊಂದರಲ್ಲಿ ಮನೆಯ ಯಜಮಾನರು ತೀರಿಕೊಂಡಿದ್ದಾರೆ. ಅವರ ಪತ್ನಿ ಪೌತಿ ಖಾತೆಗೆ ಅರ್ಜಿ ಸಲ್ಲಿಸಿದ್ದಾರೆ. ಅರ್ಜಿ ಇತ್ಯರ್ಥವಾಗುವ ಮೊದಲೇ ಖಾತೆ ಮೃತರ ಸಹೋದರನ ಹೆಸರಿಗೆ ಬದಲಾಗಿದೆ. ಕೆಲವು ತಿಂಗಳ ಬಳಿಕ ಆಕೆ ತೆರಿಗೆ ಕಟ್ಟಲು ಬಂದಾಗ, ಆ ಮನೆ ಆಕೆಯ ಹೆಸರಿನಲ್ಲಿಲ್ಲ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಆ ಖಾತೆಯ ನಕಲನ್ನು ಆಧರಿಸಿ ಸಾಲದ ಅರ್ಜಿಯೂ ಬ್ಯಾಂಕಿಗೆ ಹೋಗಿದೆ.

ದಾಖಲೆ ತೆಗೆದು ನೋಡಿದಾಗ, ತಿದ್ದುಪಡಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಲಾಗಿನ್‌ನಿಂದ, ಅವರು ರಜೆಯಲ್ಲಿದ್ದ ದಿನ ನಡೆದಿದೆ. ಆ ಪಾಸ್‌ವರ್ಡ್ ಕಚೇರಿಯ ಮೂವರಿಗೆ ತಿಳಿದಿತ್ತು. ಒಟಿಪಿ ಬೇಕಾದಾಗ ದೂರವಾಣಿಯಲ್ಲಿ ಕೇಳಿ ಪಡೆಯುವ ರೂಢಿಯೂ ಇತ್ತು. ಮೂವರಲ್ಲಿ ತಿದ್ದಿದವರು ಯಾರು ಎಂಬುದಕ್ಕೆ ಉತ್ತರವಿಲ್ಲ. ಕಾಗದದ ಮೇಲೆ ಉತ್ತರದಾಯಿ ರಜೆಯಲ್ಲಿದ್ದ ಅಧಿಕಾರಿ. ತಪ್ಪು ಮಾಡದ ಉಳಿದಿಬ್ಬರ ಮೇಲೂ ಸಂಶಯದ ನೆರಳು. ಮನೆಯನ್ನು ಮರಳಿ ತನ್ನ ಹೆಸರಿಗೆ ಪಡೆಯಲು ಆಕೆ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಈ ಪ್ರಕರಣದಲ್ಲಿ ದತ್ತಸಂಚಯ ಕೆಟ್ಟಿರಲಿಲ್ಲ, ಹೊರಗಿನವರು ಯಾರೂ ನುಸುಳಿರಲಿಲ್ಲ. ಪಾತ್ರಗಳೂ ಸರಿಯಾಗಿಯೇ ರಚಿತವಾಗಿದ್ದವು. ಪಾತ್ರ ಮತ್ತು ವ್ಯಕ್ತಿಯ ನಡುವಿನ ಗಂಟು ಮಾತ್ರ ಸಡಿಲವಾಗಿತ್ತು. ಮೂವರಿಗೂ ತಮ್ಮತಮ್ಮ ಲಾಗಿನ್, ತಮ್ಮತಮ್ಮ ಪಾತ್ರ ಇದ್ದಿದ್ದರೆ ಆಪರೇಟರ್ ಸೃಜಿಸಿದ ಕರಡು ಕಾರ್ಯದರ್ಶಿಯ ಮುಂದೆ ನಿಲ್ಲುತ್ತಿತ್ತು. ಅರ್ಜಿಯ ಕಡತದಲ್ಲಿ ಪತ್ನಿಯ ಹೆಸರಿದ್ದು ಕರಡಿನಲ್ಲಿ ಬೇರೆ ಹೆಸರಿರುವುದು ತಾಳೆಯ ಹಂತದಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಪಾಸ್‌ವರ್ಡ್ ಹಂಚಿಕೆಯ ಹಿಂದೆ ಸದಾ ದುರುದ್ದೇಶವೇ ಇರುತ್ತದೆ ಎಂದು ಭಾವಿಸಬಾರದು. ಒಬ್ಬ ಅಧಿಕಾರಿಗೆ ಎರಡು ಪಂಚಾಯತಿಗಳ ಹೊಣೆ ಇರಬಹುದು. ಸರ್ವರ್ ಬೆಳಿಗ್ಗೆಯೆಲ್ಲ ನಿಂತು ಸಂಜೆ ಒಂದು ತಾಸು ಮಾತ್ರ ನಡೆಯಬಹುದು. ಕೂಲಿ ಬಿಟ್ಟು ಬಂದವರು ಬಾಗಿಲಲ್ಲಿ ಕಾಯುತ್ತಿರಬಹುದು. ಅಂಥ ಹೊತ್ತಿನಲ್ಲಿ ಪಾಸ್‌ವರ್ಡ್ ಹೇಳಿ ಕೆಲಸ ಮುಗಿಸುವುದು ಜನರಿಗೆ ಮಾಡಿದ ಉಪಕಾರದಂತೆಯೇ ತೋರುತ್ತದೆ. ಆದರೆ ಇದಕ್ಕೆ ಸರಿಯಾದ ಪರಿಹಾರ ಪ್ರಭಾರ ವಹಿಸುವುದು: ಯಾರಿಗೆ, ಯಾವ ಪಾತ್ರ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬ ಲಿಖಿತ ಆದೇಶ ಹೊರಡಿಸಿ ಪ್ರಭಾರದವರಿಗೆ ಅವರದೇ ಲಾಗಿನ್‌ನಲ್ಲಿ ಪಾತ್ರ ಕೋರಬೇಕು. ಕೆಲಸದ ಹೊರೆಯೇ ಕಾರಣವಾಗಿದ್ದರೆ ಸದಸ್ಯರು ನೌಕರರನ್ನು ದೂರುವ ಬದಲು ಸಿಬ್ಬಂದಿ ಕೊರತೆಯ ಬಗ್ಗೆ ಠರಾವು ಮಾಡಿ ಮೇಲಿನ ಕಚೇರಿಗೆ ಕಳುಹಿಸುವುದು ಹೆಚ್ಚು ಫಲಕಾರಿ.

7. ಡಿಜಿಟಲ್ ಸಹಿಯ ಕೀ ಮತ್ತು ಅಧ್ಯಕ್ಷರ ಸ್ಥಾನ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 5ನೇ ಪ್ರಕರಣ ವಿದ್ಯುನ್ಮಾನ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಅದೇ ಅಧಿನಿಯಮದ 42ನೇ ಪ್ರಕರಣದ ಪ್ರಕಾರ, ಡಿಜಿಟಲ್ ಸಹಿ ಪಡೆದವರು ತಮ್ಮ ಖಾಸಗಿ ಕೀ ತಮ್ಮ ಹತೋಟಿಯಲ್ಲೇ ಇರುವಂತೆ ಸೂಕ್ತ ಎಚ್ಚರ ವಹಿಸಬೇಕು. ಅದು ಅನ್ಯರ ವಶವಾದರೆ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕು. ಇನ್ನೊಬ್ಬರ ವಿದ್ಯುನ್ಮಾನ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಇಲ್ಲವೆ ಅಪ್ರಾಮಾಣಿಕವಾಗಿ ಬಳಸುವುದು 66ಸಿ ಪ್ರಕರಣದಡಿ ಅಪರಾಧ. ಅದಕ್ಕೆ 3 ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಕರ್ನಾಟಕದ ಪಂಚಾಯತಿಗಳಲ್ಲಿ ಶೇ 50ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅಧ್ಯಕ್ಷರಾದ ಮಹಿಳೆಯ ಡಿಜಿಟಲ್ ಕೀ ಮತ್ತು ಒಟಿಪಿ ಬರುವ ದೂರವಾಣಿ ಪತಿಯ ಅಥವಾ ಮಗನ ಜೇಬಿನಲ್ಲಿರುವುದು ಹಲವೆಡೆ ಯಾರಿಗೂ ವಿಶೇಷವೆನಿಸದಷ್ಟು ರೂಢಿಯಾಗಿದೆ. ದತ್ತಸಂಚಯದ ಭಾಷೆಯಲ್ಲಿ ಹೇಳುವುದಾದರೆ, ಯಾವ ಸಭೆಯೂ ವಹಿಸದ ಪಾತ್ರವನ್ನು ಯಾವ ಆದೇಶವೂ ಇಲ್ಲದ ವ್ಯಕ್ತಿ ನಿರ್ವಹಿಸುತ್ತಿದ್ದಾರೆ. ಬಿಲ್ಲಿಗೆ ಒಪ್ಪಿಗೆ ನೀಡಿದವರು ಒಬ್ಬರು; ಮುಂದೆ ಲೆಕ್ಕ ಪರಿಶೋಧನೆಯ ಆಕ್ಷೇಪಣೆಗೆ ಉತ್ತರ ನೀಡಬೇಕಾದವರು ಇನ್ನೊಬ್ಬರು. ಹಣ ಪಾವತಿಯಾಗಿ ಕಾಮಗಾರಿ ನಡೆಯದಿದ್ದರೆ ವಸೂಲಾತಿಯ ನೋಟಿಸು ಬರುವುದು ಆಕೆಯ ಹೆಸರಿಗೇ. ಮನೆತನದ ಹಕ್ಕು ಕಾನೂನಿನಿಂದ ಹೋದ ಮೇಲೂ ಅಧಿಕಾರ ಮನೆಯೊಳಗೇ ಉಳಿಯುವ ಬಗೆ ಇದು.

ಪರಿಹಾರ ಕಷ್ಟದ್ದಲ್ಲ. ಅಧ್ಯಕ್ಷರ ಸ್ವಂತ ಬಳಕೆಯ ದೂರವಾಣಿ ಸಂಖ್ಯೆಯನ್ನೇ ನೋಂದಾಯಿಸಬೇಕು. ಕೀ ಅಧ್ಯಕ್ಷರ ಬಳಿಯೇ ಇರಬೇಕು, ಅದರ ಗುಪ್ತ ಸಂಖ್ಯೆ ಅವರೊಬ್ಬರಿಗೇ ತಿಳಿದಿರಬೇಕು. ಸಹಿ ಹಾಕುವ ಮುನ್ನ ಕಾಮಗಾರಿಯ ಹೆಸರು, ಮೊತ್ತ, ಹಣ ಪಡೆಯುವವರ ಹೆಸರು, ಅಳತೆ ಪುಸ್ತಕದ ಪುಟ ಈ ನಾಲ್ಕನ್ನು ಕಚೇರಿಯವರು ಅವರಿಗೆ ಓದಿ ಹೇಳಬೇಕು ಅಥವಾ ಪರದೆಯಲ್ಲಿ ತೋರಿಸಬೇಕು. ಓದುಬರಹ ಕಡಿಮೆ ಇರುವ ಅಧ್ಯಕ್ಷರೂ ಈ ನಾಲ್ಕನ್ನು ಕೇಳಿ ತೀರ್ಮಾನಿಸಬಲ್ಲರು. ತಮ್ಮ ಊರಿನಲ್ಲಿ ಚರಂಡಿ ಆಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಪದವಿ ಬೇಕಿಲ್ಲ.

8. ಹಿಂಪಡೆಯುವಿಕೆ ಮತ್ತು ದಾಖಲೆಯ ಜಾಡು

ಅಧಿಕಾರ ನೀಡುವಾಗ ಇರುವ ಉತ್ಸಾಹ ಹಿಂಪಡೆಯುವಾಗ ಇರುವುದಿಲ್ಲ. ಹೊಸಬರಿಗೆ ಲಾಗಿನ್ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ಅದು ಅಂದೇ ಆಗುತ್ತದೆ. ಹಳಬರ ಲಾಗಿನ್ ಉಳಿದರೆ ಯಾವ ಕೆಲಸವೂ ನಿಲ್ಲುವುದಿಲ್ಲ, ಆದ್ದರಿಂದ ಅದು ಮರೆತುಹೋಗುತ್ತದೆ. ವರ್ಗಾವಣೆಯಾದವರು, ಗುತ್ತಿಗೆ ಮುಗಿದ ಆಪರೇಟರ್, ನಿವೃತ್ತರು, ಮೃತರು, ಅವಧಿ ಮುಗಿದ ಅಧ್ಯಕ್ಷರು ಇವರೆಲ್ಲರ ಲಾಗಿನ್‌ಗಳು ಯಾರೂ ವಾಸವಿಲ್ಲದ, ಬೀಗವೂ ಇಲ್ಲದ ಮನೆಗಳಂತೆ ಉಳಿಯುತ್ತವೆ.

ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ವಹಿ, ರಸೀದಿ ಪುಸ್ತಕ, ಕಪಾಟಿನ ಬೀಗದ ಕೈಗಳನ್ನು ನಮೂದಿಸುವಂತೆ ಪ್ರತಿಯೊಂದು ತಂತ್ರಾಂಶದ ಲಾಗಿನ್ ಮತ್ತು ಡಿಜಿಟಲ್ ಕೀಯನ್ನೂ ನಮೂದಿಸಬೇಕು. ಆದರೆ ಒಂದು ವ್ಯತ್ಯಾಸವಿದೆ. ಕಪಾಟಿನ ಬೀಗದ ಕೈಯನ್ನು ಮುಂದಿನವರಿಗೆ ಕೊಡಬೇಕು. ಲಾಗಿನ್ ಮತ್ತು ಡಿಜಿಟಲ್ ಕೀಯನ್ನು ಕೊಡಬಾರದು. ಅವು ವ್ಯಕ್ತಿಯ ಗುರುತುಗಳು. ಹಳೆಯದನ್ನು ರದ್ದುಪಡಿಸಿ, ಹೊಸಬರಿಗೆ ಅವರದೇ ಹೆಸರಿನಲ್ಲಿ ಹೊಸದನ್ನು ಪಡೆಯಬೇಕು. ಹುದ್ದೆಯಿಂದ ಹುದ್ದೆಗೆ ಸಾಗುವುದು ಪಾತ್ರ ಮಾತ್ರ.

ಕೊನೆಯದಾಗಿ, ಯಾರು, ಯಾವಾಗ, ಯಾವ ಸಾಲನ್ನು, ಏನಿದ್ದುದನ್ನು ಏನಾಗಿ ಬದಲಾಯಿಸಿದರು ಎಂಬುದನ್ನು ತಂತ್ರಾಂಶ ಪ್ರತ್ಯೇಕವಾಗಿ ಬರೆದಿಡಬೇಕು. ಇದನ್ನು ‘ಆಡಿಟ್ ಲಾಗ್’ ಎನ್ನುತ್ತಾರೆ. ದತ್ತಸಂಚಯದ ಸರ್ವಾಧಿಕಾರವಿರುವ ನಿರ್ವಾಹಕರಿಗೂ ಇದನ್ನು ತಿದ್ದಲು ಅವಕಾಶವಿರದಂತೆ ಅವರ ಕೈಗೆಟುಕದ ಜಾಗದಲ್ಲಿ ಇಡುವುದು ಉತ್ತಮ ಪದ್ಧತಿ. ಹಂಚಿಕೊಂಡ ಪಾಸ್‌ವರ್ಡ್ ಈ ಜಾಡನ್ನೂ ನಿರರ್ಥಕಗೊಳಿಸುತ್ತದೆ. ಲಾಗ್ ಹೇಳುವುದು ಯಾವ ಲಾಗಿನ್ ಎಂದಷ್ಟೇ. ಯಾವ ಕೈ ಎಂದು ಅದು ಹೇಳಲಾರದು.

9. ಸಾಮಾನ್ಯ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಸದಸ್ಯರು ಪಾಸ್‌ವರ್ಡ್ ಕೇಳಬಾರದು. ಅದು ತಿಳಿಯಬೇಕಾದವರು ಒಬ್ಬರೇ. ಸದಸ್ಯರು ಕೇಳಬೇಕಾದುದು ಪಟ್ಟಿಯನ್ನು. ಸಭೆಯ ಕಾರ್ಯಸೂಚಿಯಲ್ಲಿ ವರ್ಷಕ್ಕೆ ಎರಡು ಸಲವಾದರೂ ‘ತಂತ್ರಾಂಶ ಬಳಕೆದಾರರ ಪರಿಶೀಲನೆ’ ಎಂಬ ವಿಷಯವನ್ನು ಸೇರಿಸಿ ಈ ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು.

ಅ) ಪಂಚಾಯತಿಯ ಹೆಸರಿನಲ್ಲಿ ಪ್ರತಿ ತಂತ್ರಾಂಶದಲ್ಲಿ ಎಷ್ಟು ಬಳಕೆದಾರರಿದ್ದಾರೆ? ಅವರ ಹೆಸರು ಮತ್ತು ಪಾತ್ರಗಳ ಪಟ್ಟಿ ಎಲ್ಲಿದೆ?

ಆ) ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಇಂದು ಇದೇ ಕಚೇರಿಯಲ್ಲಿ, ಇದೇ ಕೆಲಸದಲ್ಲಿ ಇದ್ದಾರೆಯೇ?

ಇ) ಕಳೆದ ಪರಿಶೀಲನೆಯ ನಂತರ ಹೊರಹೋದವರ ಲಾಗಿನ್ ಯಾವ ದಿನಾಂಕದಂದು ರದ್ದಾಯಿತು? ಅದಕ್ಕೆ ಕಳುಹಿಸಿದ ಪತ್ರದ ಸಂಖ್ಯೆ ಯಾವುದು?

ಈ) ಪಾವತಿಗೆ ಬೇಕಾದ ಎರಡು ಕೀಗಳು ಈ ಹೊತ್ತಿನಲ್ಲಿ ಯಾರ ಯಾರ ವಶದಲ್ಲಿವೆ? ಒಟಿಪಿ ಬರುವ ದೂರವಾಣಿ ಯಾರದು?

ಉ) ಅಧಿಕಾರಿ ರಜೆಯಲ್ಲಿದ್ದ ದಿನಗಳಲ್ಲಿ ಅವರ ಲಾಗಿನ್‌ನಿಂದ ನಡೆದ ಅನುಮೋದನೆಗಳು ಇವೆಯೇ?

ಐದನೆಯ ಪ್ರಶ್ನೆಗೆ ಹಾಜರಿ ಪುಸ್ತಕ ಮತ್ತು ತಂತ್ರಾಂಶದ ವರದಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ಅಂಥ ನಮೂದು ಕಂಡುಬಂದಲ್ಲಿ ಮೊದಲು ವಿವರಣೆ ಕೇಳಬೇಕು. ವಿವರಣೆ ಸಮಾಧಾನಕರವಾಗಿಲ್ಲದಿದ್ದರೆ ಮಾತ್ರ ಮುಂದಿನ ಕ್ರಮ. ಪ್ರಶ್ನೋತ್ತರವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು.

ಸಾರಾಂಶ

ಅನುಮತಿ ಪಾತ್ರಕ್ಕೆ, ಪಾತ್ರ ವ್ಯಕ್ತಿಗೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಹಣ ಮತ್ತು ಹಕ್ಕಿನ ವಿಷಯದಲ್ಲಿ ಇಬ್ಬರ ಕೈ, ಇಬ್ಬರು ನಿಜವಾದ ಮನುಷ್ಯರ ಕೈ. ವ್ಯಕ್ತಿ ಹೊರಟ ದಿನವೇ ಪಾತ್ರ ಹಿಂದಕ್ಕೆ. ನಡೆದುದಕ್ಕೆಲ್ಲ ಜಾಡು.

ಅಭ್ಯಾಸ

1. ತಮ್ಮ ಪಂಚಾಯತಿಯ ಕರವಸೂಲಿಗಾರರಿಗೆ ರಸೀದಿ ಅಳಿಸುವ ಅನುಮತಿ ಏಕೆ ಇರಬಾರದು? ಎರಡು ಕಾರಣ ಬರೆಯಿರಿ.

2. ಆರನೆಯ ಭಾಗದ ಪ್ರಕರಣದಲ್ಲಿ ಯಾವ ಯಾವ ತತ್ತ್ವಗಳು ಮುರಿದಿವೆ? ಅರ್ಜಿದಾರ ಮಹಿಳೆಗೆ ಆದ ನಷ್ಟವನ್ನು ಯಾವ ಹಂತದಲ್ಲಿ ತಡೆಯಬಹುದಿತ್ತು?

3. ಗುತ್ತಿಗೆ ಆಪರೇಟರ್ ಒಬ್ಬರು ಇದೇ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ಅವರ ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಇರಬೇಕಾದ ಅಂಶಗಳನ್ನು ಬರೆಯಿರಿ.

4. ಮುಂದಿನ ಸಾಮಾನ್ಯ ಸಭೆಗೆ ಮುನ್ನ ತಮ್ಮ ಪಂಚಾಯತಿಯ ಬಳಕೆದಾರರ ಪಟ್ಟಿಯನ್ನು ಕಚೇರಿಯಿಂದ ಕೇಳಿ ಪಡೆದು, ಅದರಲ್ಲಿ ಈಗ ಕೆಲಸದಲ್ಲಿಲ್ಲದವರ ಹೆಸರುಗಳಿದ್ದರೆ ಗುರುತಿಸಿ ಸಭೆಯ ಗಮನಕ್ಕೆ ತನ್ನಿರಿ.